ರಬ್ಬರಿನ ಊರಿನಲ್ಲೇ ರಬ್ಬರ್ ಏಕೆ ಬಾಳುತ್ತಿಲ್ಲ?

ಪ್ರಶ್ನೆ: ನಾವು ಸುಳ್ಯ ತಾಲೂಕಿನವರು. ಎರಡು ಎಕರೆ ರಬ್ಬರ್ ಇದೆ, ಉಳಿದದ್ದು ಅಡಿಕೆ ಮತ್ತು ತೆಂಗು. ಮನೆಯ ಪಕ್ಕದಲ್ಲೇ ಕೊಬ್ಬರಿ ಎಣ್ಣೆಯ ಸಣ್ಣ ಮಿಲ್ಲು ನಡೆಸುತ್ತೇವೆ. ಎಣ್ಣೆಯ ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಫ್ಲ್ಯಾಂಜ್‌ಗೆ 6 ಮಿ.ಮೀ. ಕಪ್ಪು ರಬ್ಬರ್ ಶೀಟು ತಂದು ಸೋರಿಕೆ ತಡೆಯುವ ಗ್ಯಾಸ್ಕೆಟ್ ಕತ್ತರಿಸಿ ಹಾಕಿದೆವು. ಎರಡು ತಿಂಗಳಲ್ಲಿ ಊದಿಕೊಂಡು ಹೊರಗೆ ಬಂತು. ತಾರಸಿಯ ಸೋಲಾರ್ ಹೀಟರಿನ ಪೈಪಿಗೆ ಸುತ್ತಿದ್ದು ಒಂದೇ ಬೇಸಿಗೆಯಲ್ಲಿ ಬಿರುಕು ಬಿಟ್ಟಿತು. ಹಟ್ಟಿಯಲ್ಲಿ ದನಗಳಿಗೆ ಹಾಸಿದ ಮ್ಯಾಟಿನ ಅಂಚು ಪುಡಿಯಾಗುತ್ತಿದೆ. ಅಂಗಡಿಯವರು ‘ದಪ್ಪ ಇದ್ದಷ್ಟೂ, ಭಾರ ಇದ್ದಷ್ಟೂ ಬಾಳಿಕೆ’ ಎನ್ನುತ್ತಾರೆ. ನಾವೇ ತಯಾರಿಸಿ ಮಾರುವ ಶೀಟನ್ನು ಇವಕ್ಕೆ ಬಳಸಬಾರದೇ? ಅದು ಅಪ್ಪಟ ರಬ್ಬರ್ ಅಲ್ಲವೇ? ಉಳಿದ ತುಂಡನ್ನು ಪಂಪ್ ಮನೆಯಲ್ಲಿ ಸ್ಟಾರ್ಟರಿನ ಮುಂದೆ ಹಾಸಿದ್ದೇವೆ. ಅದಾದರೂ ಸರಿಯಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಸಮಸ್ಯೆಗಳಿವೆ. ನಾಲ್ಕಕ್ಕೂ ಒಂದೇ ಬಗೆಯ ಕಪ್ಪು ಶೀಟನ್ನು ಮದ್ದಾಗಿ ಬಳಸಿದ್ದೀರಿ. ತಪ್ಪು ನಿಮ್ಮದೆಂದು ನಾನು ಹೇಳುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ರಬ್ಬರ್ ಶೀಟೆಂದರೆ ಗೋಡೆಗೆ ಒರಗಿಸಿಟ್ಟ ಒಂದು ಕಪ್ಪು ಸುರುಳಿ, ಅಷ್ಟೇ. ಅದು ಯಾವ ಜಾತಿಯ ರಬ್ಬರ್ ಎಂದು ಮಾರುವವರೂ ಕೇಳಿಕೊಂಡಿರುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಮೂರು ದಶಕ ರಬ್ಬರ್ ಮಿಶ್ರಣದ ಕೆಲಸ ಮಾಡಿದವನಾಗಿ ಹೇಳುತ್ತೇನೆ: ‘ಗಟ್ಟಿ ರಬ್ಬರ್ ಕೊಡಿ’ ಎಂದು ಕೇಳಿದವರಿಗೆ ಸರಿಯಾದ ರಬ್ಬರ್ ಸಿಗುವುದು ಅಪರೂಪ. ‘ಇದಕ್ಕೆ ಎಣ್ಣೆ ತಾಗುತ್ತದೆ’ ಅಥವಾ ‘ಇದು ಬಿಸಿಲಿನಲ್ಲಿರುತ್ತದೆ’ ಎಂದು ಕೇಳಿದರೆ ಮಾತ್ರ ಸಿಗುತ್ತದೆ. ಪ್ರತಿಯೊಂದು ರಬ್ಬರಿಗೂ ಒಬ್ಬೊಬ್ಬ ಶತ್ರುವಿದ್ದಾನೆ. ಆ ಶತ್ರು ಯಾರೆಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಮೊದಲು ನಿಮ್ಮ ಸ್ವಂತ ಶೀಟಿನ ವಿಷಯ. ನಿಮ್ಮಂತಹ ಬೆಳೆಗಾರರಿಂದ ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ, ಬರುವುದು ನ್ಯಾಯವೂ ಹೌದು. ಬೆಳಗಿನ ಜಾವ ಎದ್ದು ಟ್ಯಾಪಿಂಗ್ ಮಾಡಿ, ಹಾಲನ್ನು ಸೋಸಿ, ಫಾರ್ಮಿಕ್ ಆಮ್ಲ ಹಾಕಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ, ಹೊಗೆಮನೆಯಲ್ಲಿ ಒಣಗಿಸಿದ ಜೇನಿನ ಬಣ್ಣದ ಶೀಟು ಕಣ್ಣ ಮುಂದಿರುವಾಗ ಪೇಟೆಯ ಕಪ್ಪು ಶೀಟಿಗೆ ಹಣ ಕೊಡಲು ಮನಸ್ಸು ಒಪ್ಪುವುದಾದರೂ ಹೇಗೆ? ಆದರೆ ನಿಮ್ಮ ಆರ್‌ಎಸ್‌ಎಸ್ ಶೀಟು (ಹೀಗೆ ಹೊಗೆಯಲ್ಲಿ ಒಣಗಿಸಿದ ಶೀಟಿಗೆ ಮಾರುಕಟ್ಟೆಯ ಹೆಸರು) ಇನ್ನೂ ಬೇಯದ ಅಕ್ಕಿ. ಅದರೊಳಗೆ ರಬ್ಬರಿನ ಉದ್ದನೆಯ ಎಳೆಗಳು ಶ್ಯಾವಿಗೆಯಂತೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆಯೇ ಹೊರತು ಯಾವುದೂ ಇನ್ನೊಂದಕ್ಕೆ ಗಂಟು ಬಿದ್ದಿರುವುದಿಲ್ಲ. ಬಿಸಿಯಾದರೆ ಎಳೆಗಳು ಜಾರಿ ಶೀಟು ಅಂಟಂಟಾಗುತ್ತದೆ. ಭಾರ ಬಿದ್ದರೆ ಹರಡಿಕೊಳ್ಳುತ್ತದೆ, ಪುನಃ ಹಿಂದಿನ ರೂಪಕ್ಕೆ ಮರಳುವುದಿಲ್ಲ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದರ ಪರಿಹಾರವನ್ನೇ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಎಳೆಗಳ ನಡುವೆ ಗಂಧಕದ ಗಂಟುಗಳು ಬೀಳುತ್ತವೆ. ಆಮೇಲೆ ಅದನ್ನು ಎಳೆದರೂ ಬಿಟ್ಟ ಕೂಡಲೇ ಹಿಂದಕ್ಕೆ ಬರುತ್ತದೆ. ಈ ಪಾಕಕ್ಕೆ ವಲ್ಕನೀಕರಣ ಎಂದು ಹೆಸರು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೀಣ್ಯದ ಕಾರ್ಖಾನೆಯಲ್ಲಿ ಆರ್‌ಎಸ್‌ಎಸ್ ಮೂಟೆ ಬಿಚ್ಚಿದಾಗ ಇಡೀ ಶೆಡ್ಡಿಗೆ ಹೊಗೆಮನೆಯ ವಾಸನೆ ಹರಡುತ್ತಿತ್ತು. ಆ ಶೀಟನ್ನು ಎರಡು ಉಕ್ಕಿನ ರೋಲರುಗಳ ನಡುವೆ ಅರೆಯುತ್ತಿದ್ದೆವು. ಮೊದಮೊದಲು ಅದು ಚಟಪಟ ಸದ್ದು ಮಾಡುತ್ತಾ ಹರಿಯುತ್ತದೆ. ಹತ್ತು ನಿಮಿಷಕ್ಕೆ ಚಪಾತಿಯ ಹಿಟ್ಟಿನಂತೆ ಮೆತ್ತಗಾಗಿ ರೋಲರನ್ನು ತಬ್ಬಿಕೊಳ್ಳುತ್ತದೆ. ಆಗ ಸತುವಿನ ಆಕ್ಸೈಡ್, ಸ್ಟಿಯರಿಕ್ ಆಮ್ಲ, ಕಾರ್ಬನ್ ಕಪ್ಪು, ಕೊನೆಯಲ್ಲಿ ಗಂಧಕ. ನೂರು ಭಾಗ ರಬ್ಬರಿಗೆ ಎರಡು, ಎರಡೂವರೆ ಭಾಗ ಗಂಧಕ ಸಾಕು. ಆಮೇಲೆ ಪ್ರೆಸ್ಸಿನಲ್ಲಿಟ್ಟು ಸುಮಾರು 150 ಡಿಗ್ರಿಯಲ್ಲಿ ಬೇಯಿಸಿದರೆ ಹೊರಬರುವುದು ನೀವು ಪೇಟೆಯಲ್ಲಿ ನೋಡುವ ಶೀಟು. ನಿಮ್ಮ ತೋಟದ ಶೀಟಿಗೂ ಅಂಗಡಿಯ ಶೀಟಿಗೂ ನಡುವೆ ಇಷ್ಟೆಲ್ಲ ನಡೆದಿರುತ್ತದೆ. ಬಳಸಬಾರದೇ ಎಂಬ ಪ್ರಶ್ನೆಗೆ ನೇರ ಉತ್ತರ: ಹಾಗೆಯೇ ಬಳಸಬಾರದು.

ಇನ್ನು ‘ನೈಸರ್ಗಿಕ ರಬ್ಬರೇ ಶ್ರೇಷ್ಠ’ ಎಂಬ ಮಾತು. ಹರಿಯದಿರುವ ಗುಣದಲ್ಲಿ, ಲಕ್ಷಗಟ್ಟಲೆ ಸಲ ಬಾಗಿದರೂ ದಣಿಯದಿರುವ ಗುಣದಲ್ಲಿ ಅದು ನಿಜವಾಗಿ ಶ್ರೇಷ್ಠವೇ. ವಿಮಾನದ ಟೈರುಗಳಲ್ಲಿ ಇಂದಿಗೂ ಹೆಚ್ಚಾಗಿ ಇರುವುದು ಮರದ ರಬ್ಬರು. ಆದರೆ ಎಣ್ಣೆಯ ಮುಂದೆ ಅದು ತೀರಾ ದುರ್ಬಲ. ನಿಮ್ಮ ಗ್ಯಾಸ್ಕೆಟ್ಟಿಗೆ ಆದದ್ದು ಇದೇ. ರಬ್ಬರಿನ ಎಳೆಗಳೂ ಕೊಬ್ಬರಿ ಎಣ್ಣೆಯ ಕಣಗಳೂ ಒಂದೇ ಸ್ವಭಾವದವು, ಎರಡೂ ನೀರಿಗೆ ಸೇರದವು. ಸಮಾನ ಸ್ವಭಾವದವು ಬೆರೆಯುತ್ತವೆ. ಎಣ್ಣೆ ಒಳಗೆ ನುಗ್ಗಿ ಎಳೆಗಳನ್ನು ಅಗಲಿಸುತ್ತದೆ, ಶೀಟು ಊದುತ್ತದೆ, ಮೆತ್ತಗಾಗುತ್ತದೆ, ಬೋಲ್ಟಿನ ಒತ್ತಡಕ್ಕೆ ಪಿಚಕ್ಕನೆ ಹೊರಗೆ ಜಾರುತ್ತದೆ. ಮಿಲ್ಲಿನಿಂದ ಇಳಿಯುವ ಎಣ್ಣೆ ಬಿಸಿಯಾಗಿರುವುದರಿಂದ ಇದೆಲ್ಲ ಇನ್ನಷ್ಟು ಬೇಗ ಆಗುತ್ತದೆ. ನೈಸರ್ಗಿಕ ರಬ್ಬರನ್ನು ಸುಮಾರು 70 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಸದಾ ಇಡುವಂತಿಲ್ಲ.

ನಿಮಗೆ ಬೇಕಾದದ್ದು ನೈಟ್ರೈಲ್ ರಬ್ಬರ್. ಇದರ ಎಳೆಯಲ್ಲಿ ಅಕ್ರಿಲೋನೈಟ್ರೈಲ್ ಎಂಬ ಭಾಗ ಸೇರಿರುತ್ತದೆ, ಅದು ಎಣ್ಣೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. 100 ಡಿಗ್ರಿಯ ಆಸುಪಾಸಿನವರೆಗೂ ತಾಳಿಕೊಳ್ಳುತ್ತದೆ. ಆದರೆ ಒಂದು ವಿಷಯವನ್ನು ನೀವು ಬರೆದಿಲ್ಲ, ನಾನು ಕೇಳಲೇಬೇಕು: ಆ ಎಣ್ಣೆಯನ್ನು ಜನ ತಿನ್ನುತ್ತಾರೆ ತಾನೇ? ಹಾಗಿದ್ದರೆ ಕಾರ್ಖಾನೆಯ ಕಪ್ಪು ನೈಟ್ರೈಲ್ ಬೇಡ. ಅದರಲ್ಲಿರುವ ಮೆದುಕಾರಕಗಳೂ ವಲ್ಕನೀಕರಣದ ಉಳಿಕೆಗಳೂ ಬಿಸಿ ಎಣ್ಣೆಗೆ ಇಳಿಯುತ್ತವೆ. ಆಹಾರಕ್ಕೆಂದೇ ತಯಾರಾದ ಬಿಳಿ ನೈಟ್ರೈಲ್ ಶೀಟು ಸಿಗುತ್ತದೆ, ಪರೀಕ್ಷೆಯ ಪ್ರಮಾಣಪತ್ರ ಕೇಳಿ ತೆಗೆದುಕೊಳ್ಳಿ. ಮತ್ತೆ ಮತ್ತೆ ಆಹಾರಕ್ಕೆ ತಾಗುವ ರಬ್ಬರಿಗೆ ಅಮೆರಿಕದ ಎಫ್‌ಡಿಎ 177.2600 ಎಂಬ ನಿಯಮವಿದೆ, ನಮ್ಮಲ್ಲಿ ತಯಾರಿಸುವವರೂ ಅದನ್ನೇ ಉಲ್ಲೇಖಿಸುವುದುಂಟು. ಸಿಲಿಕೋನ್ ಆಹಾರಕ್ಕೆ ಒಳ್ಳೆಯದು, 200 ಡಿಗ್ರಿಯ ಬಿಸಿಯನ್ನೂ ತಡೆಯುತ್ತದೆ. ಆದರೆ ಬೇಗ ಹರಿಯುತ್ತದೆ. ಫ್ಲ್ಯಾಂಜನ್ನು ದಿನಾ ಬಿಚ್ಚಿ ತೊಳೆಯುವುದಾದರೆ ಅಂಚು ಕಿತ್ತುಬರುತ್ತದೆ. ಈಗಿರುವ ಕಪ್ಪು ಗ್ಯಾಸ್ಕೆಟ್ಟನ್ನು ಮಾತ್ರ ಇವತ್ತೇ ತೆಗೆದುಹಾಕಿ.

ಇಲ್ಲಿಯೇ ‘ದಪ್ಪ ಇದ್ದಷ್ಟೂ ಬಾಳಿಕೆ’ ಎಂಬುದನ್ನೂ ನೋಡಿಬಿಡೋಣ. ಗ್ಯಾಸ್ಕೆಟ್ಟಿನ ಮಟ್ಟಿಗೆ ಇದು ತಲೆಕೆಳಗಾದ ಮಾತು. ರಬ್ಬರ್ ಸ್ಪಂಜಿನಂತೆ ಒಳಗೊಳಗೇ ಕುಗ್ಗುವ ವಸ್ತುವಲ್ಲ. ಮೇಲಿನಿಂದ ಒತ್ತಿದರೆ ಅಷ್ಟೇ ಪ್ರಮಾಣ ಪಕ್ಕಕ್ಕೆ ಉಬ್ಬುತ್ತದೆ. 6 ಮಿ.ಮೀ. ದಪ್ಪದ ಗ್ಯಾಸ್ಕೆಟ್ಟಿಗೆ ಪಕ್ಕಕ್ಕೆ ಉಬ್ಬಲು ಜಾಗ ಹೆಚ್ಚು, ಪೈಪಿನ ಒತ್ತಡ ತಳ್ಳುವ ಗೋಡೆಯೂ ಹೆಚ್ಚು. ನೇರವಾದ, ನಯವಾದ ಫ್ಲ್ಯಾಂಜಿಗೆ 3 ಮಿ.ಮೀ. ಸಾಕು. ಮುಖ ಸವೆದು ಏರುಪೇರಾಗಿದ್ದರೆ ಅದನ್ನು ಲೇತ್‌ನಲ್ಲಿ ಸಮ ಮಾಡಿಸಬೇಕೇ ಹೊರತು ದಪ್ಪ ರಬ್ಬರಿನಿಂದ ಮುಚ್ಚಬಾರದು. ಬೋಲ್ಟುಗಳನ್ನು ಒಂದರ ನಂತರ ಪಕ್ಕದ್ದು ಎಂದು ಬಿಗಿಯಬೇಡಿ. ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗ್ಯಾಸ್ಕೆಟ್ ತನ್ನ ದಪ್ಪದ ಐದನೆಯ ಒಂದು ಭಾಗ, ಹೆಚ್ಚೆಂದರೆ ಕಾಲು ಭಾಗ ಕುಗ್ಗಿದರೆ ಮುಗಿಯಿತು. ಸೋರುತ್ತಿದೆಯೆಂದು ಇನ್ನಷ್ಟು ಬಿಗಿದರೆ ರಬ್ಬರ್ ಜಜ್ಜಿಹೋಗುತ್ತದೆ. ಹಾಗೆ ಜಜ್ಜಿದ ರಬ್ಬರ್ ಮತ್ತೆ ಮೇಲೇಳುವುದಿಲ್ಲ. ಒತ್ತಡ ಜಾಸ್ತಿಯಿರುವ ಕಡೆ ನಡುವೆ ಬಟ್ಟೆಯ ಪದರವಿರುವ ಶೀಟು ಬಳಸಬಹುದು, ಅಂಗಡಿಗಳಲ್ಲಿ ಅದನ್ನು ಇನ್ಸರ್ಷನ್ ಶೀಟು ಎನ್ನುತ್ತಾರೆ. ಆದರೆ ಕತ್ತರಿಸಿದ ಅಂಚಿನಿಂದ ಬಟ್ಟೆ ದ್ರವವನ್ನು ಹೀರಿಕೊಳ್ಳುತ್ತದೆ. ತಿನ್ನುವ ಎಣ್ಣೆಗೆ ನಾನು ಅದನ್ನು ಸೂಚಿಸುವುದಿಲ್ಲ.

ಇನ್ನು ಭಾರದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಜೇಬಿಗೆ ಹೆಚ್ಚು ಪೆಟ್ಟು ಬಿದ್ದಿರುವುದು ಇಲ್ಲೇ ಎಂದು ನನಗೆ ಖಾತ್ರಿ.

ರಬ್ಬರ್ ನೀರಿಗಿಂತ ಹಗುರ. ಮರದ ರಬ್ಬರಿನ ಸಾಂದ್ರತೆ 0.92. ಕಾರ್ಬನ್ ಕಪ್ಪು ಮುಂತಾದವನ್ನು ಹದವಾಗಿ ಬೆರೆಸಿದ ಒಳ್ಳೆಯ ಶೀಟಿನದ್ದು 1.15ರಿಂದ 1.3ರವರೆಗೆ ಇರುತ್ತದೆ. ಅದಕ್ಕೆ ಜೇಡಿಮಣ್ಣು, ಸುಣ್ಣದ ಕಲ್ಲಿನ ಪುಡಿ ಸುರಿದಷ್ಟೂ ಶೀಟು ಅಗ್ಗವಾಗುತ್ತದೆ, ಜೊತೆಗೆ ಭಾರವಾಗುತ್ತದೆ. 1.6 ದಾಟಿದ ಕಪ್ಪು ಶೀಟಿನಲ್ಲಿ ರಬ್ಬರಿಗಿಂತ ಮಣ್ಣೇ ಹೆಚ್ಚು. ಇನ್ನು ನಮ್ಮಲ್ಲಿ ಶೀಟು ಮಾರುವುದು ಕಿಲೋ ಲೆಕ್ಕದಲ್ಲಿ! ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 3 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಶೀಟಿನ ಸಾಂದ್ರತೆ 1.25 ಆದರೆ ತೂಕ 3.75 ಕಿಲೋ, 1.65 ಆದರೆ 4.95 ಕಿಲೋ. ಒಳ್ಳೆಯದಕ್ಕೆ ಕಿಲೋಗೆ 130 ರೂಪಾಯಿ, ಕಳಪೆಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಒಳ್ಳೆಯ ಶೀಟಿಗೆ 488 ರೂಪಾಯಿ, ಕಳಪೆಗೆ 495 ರೂಪಾಯಿ. ಅಗ್ಗವೆಂದು ತಂದದ್ದಕ್ಕೆ ಏಳು ರೂಪಾಯಿ ಹೆಚ್ಚು ಕೊಟ್ಟು ಮಣ್ಣು ಹೊತ್ತು ತಂದಂತಾಯಿತು. ಬೆಲೆಯನ್ನು ಯಾವತ್ತೂ ಚದರ ಮೀಟರಿಗೆ ತಿರುಗಿಸಿ ಹೋಲಿಸಿ.

ಸಾಂದ್ರತೆ ನೋಡಲು ಪ್ರಯೋಗಾಲಯ ಬೇಕಿಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅಂಗೈಯಗಲದ ತುಂಡು ಕತ್ತರಿಸಿ ತೂಗಿ. 42 ಗ್ರಾಂ ಬಂತು ಎನ್ನೋಣ. ಈಗ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆಯಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ತುಂಡಿಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳವನ್ನಾಗಲಿ ಬದಿಯನ್ನಾಗಲಿ ತಾಗದಂತೆ ನೀರಿನಲ್ಲಿ ಇಳಿಬಿಡಿ. ಮೈಗೆ ಅಂಟಿದ ಗಾಳಿಗುಳ್ಳೆಗಳನ್ನು ಮೊದಲೇ ಒರೆಸಿರಬೇಕು. ತಕ್ಕಡಿ 26 ತೋರಿಸಿದರೆ 42ನ್ನು 26ರಿಂದ ಭಾಗಿಸಿ: 1.62. ನಿಮ್ಮ ಹಟ್ಟಿಯ ಮ್ಯಾಟಿನ ಪುಡಿಯಾದ ಅಂಚಿನಿಂದ ಒಂದು ತುಂಡು ತೆಗೆದು ಹೀಗೆ ನೋಡಿದರೆ ಇದೇ ಆಸುಪಾಸಿನ ಅಂಕಿ ಬರುತ್ತದೆಂದು ನನ್ನ ಅಂದಾಜು. ಒಂದು ಎಚ್ಚರಿಕೆ: ನಿಯೋಪ್ರೀನ್ ಹುಟ್ಟಿನಿಂದಲೇ ಭಾರದ ರಬ್ಬರು, ಬೆರೆಸುವ ಮೊದಲೇ 1.23 ಇರುತ್ತದೆ. ಅದಕ್ಕೆ ಈ ಅಳತೆಗೋಲು ಹಿಡಿಯಬೇಡಿ.

ತಕ್ಕಡಿ ಕೈಗೆ ಸಿಗದ ಕಡೆ, ಅಂಗಡಿಯಲ್ಲೇ, ಶೀಟಿನ ಮೂಲೆಯನ್ನು ಪೂರ್ತಿ ಮಡಚಿ ಬೆರಳಿನಿಂದ ಬಲವಾಗಿ ಹಿಂಡಿ. ಮಡಿಕೆಯ ಮೇಲೆ ಬೂದುಬಿಳಿ ಗೆರೆ ಮೂಡಿದರೆ ಅಥವಾ ಕೂದಲೆಳೆಯಂತಹ ಸೀಳು ಕಂಡರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಬಿಳಿ ಕಾಗದದ ಮೇಲೆ ಉಜ್ಜಿದಾಗ ಪೆನ್ಸಿಲಿನಂತೆ ದಟ್ಟ ಗೆರೆ ಬಿದ್ದರೆ ಹಳೆಯ ಟೈರು ಕರಗಿಸಿದ ರಿಕ್ಲೇಮ್ ರಬ್ಬರ್ ಹೆಚ್ಚಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ರಿಕ್ಲೇಮ್ ಎಂದರೆ ಮೋಸವೆಂದಲ್ಲ. ಮಿತವಾಗಿ ಬೆರೆಸಿದರೆ ಅದಕ್ಕೂ ಜಾಗವಿದೆ, ಪರಿಸರಕ್ಕೂ ಒಳ್ಳೆಯದು. ಅದನ್ನೇ ಅಪ್ಪಟವೆಂದು ಹೇಳಿ ಮಾರುವುದು ಮೋಸ.

ತಾರಸಿಯದ್ದು ಬೇರೆ ಕಥೆ. ಅಲ್ಲಿ ಬಿಸಿಲಿನ ಜೊತೆಗೆ ಕಣ್ಣಿಗೆ ಕಾಣದ ಇನ್ನೊಬ್ಬ ಶತ್ರುವಿದ್ದಾನೆ, ಓಜೋನ್. ಗಾಳಿಯಲ್ಲಿ ಹತ್ತು ಕೋಟಿ ಭಾಗಕ್ಕೆ ಕೆಲವೇ ಭಾಗ ಇದ್ದರೂ ನೈಸರ್ಗಿಕ ರಬ್ಬರನ್ನು ಸೀಳಲು ಅದಕ್ಕೆ ಸಾಕು. ರಬ್ಬರಿನ ಎಳೆಯ ಉದ್ದಕ್ಕೂ ಜೋಡಿಬಂಧಗಳೆಂಬ ಸುಲಭದ ಗುರಿಗಳಿವೆ, ಓಜೋನ್ ಅಲ್ಲಿಗೇ ಹೋಗಿ ಕತ್ತರಿಸುತ್ತದೆ. ಹಾಗೆ ಕತ್ತರಿಸಿದ್ದು ಬಾಯಿ ಬಿಡಬೇಕಾದರೆ ರಬ್ಬರ್ ಎಳೆತದಲ್ಲಿರಬೇಕು. ನೀವು ಪೈಪಿಗೆ ಎಳೆದು ಬಿಗಿಯಾಗಿ ಸುತ್ತಿದ್ದೀರಿ. ತುಂಡು ಇನ್ನೂ ಎಸೆದಿಲ್ಲವಾದರೆ ಎತ್ತಿ ನೋಡಿ: ಬಿರುಕುಗಳೆಲ್ಲ ಎಳೆದ ದಿಕ್ಕಿಗೆ ಅಡ್ಡಲಾಗಿ, ಒಂದರ ಪಕ್ಕ ಒಂದು ಸಾಲಾಗಿ ಇರುತ್ತವೆ. ಸಾಲಾಗಿ ಅಡ್ಡ ಬಿದ್ದ ಬಿರುಕು ಓಜೋನಿನ ಕೈಬರಹ. ಬರೀ ಬಿಸಿಲು ತಿಂದ ರಬ್ಬರಿನ ಮೇಲ್ಮೈ ಒಣಗಿದ ಕೆರೆಯ ಕೆಸರಿನಂತೆ ಎಲ್ಲ ದಿಕ್ಕಿಗೂ ಒಡೆದಿರುತ್ತದೆ.

ಇಲ್ಲಿಗೆ ಇಪಿಡಿಎಂ ರಬ್ಬರ್ ತನ್ನಿ. ಅದರ ಬೆನ್ನೆಲುಬಿನಲ್ಲಿ ಆ ಜೋಡಿಬಂಧಗಳಿಲ್ಲ, ಓಜೋನಿಗೆ ಹಿಡಿತ ಸಿಗುವುದಿಲ್ಲ. ಬಿಸಿನೀರು, ಹಬೆ ಎರಡಕ್ಕೂ ಜಗ್ಗುವುದಿಲ್ಲ. ಕಾರಿನ ಬಾಗಿಲ ಸುತ್ತಲಿನ ಪಟ್ಟಿ ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತರೂ ಬಾಳುವುದು ಇದರಿಂದಲೇ. ಸೋಲಾರ್ ಹೀಟರಿನ ಕೊಳವೆಯ ಜೋಡಣೆಗಳಿಗೆ ಇಪಿಡಿಎಂ ಅಥವಾ ಸಿಲಿಕೋನ್, ಸ್ಟ್ಯಾಂಡಿನ ಕಾಲುಗಳ ಕೆಳಗೆ 5 ಮಿ.ಮೀ.ನ ಇಪಿಡಿಎಂ ತುಂಡು. ಆದರೆ ಇದನ್ನು ಮಿಲ್ಲಿನ ಕಡೆ ಒಯ್ಯಬೇಡಿ, ಎಣ್ಣೆ ಇದಕ್ಕೆ ಆಗಿಬರುವುದಿಲ್ಲ. ಮಿಲ್ಲಿನ ನೈಟ್ರೈಲನ್ನು ತಾರಸಿಗೆ ತಂದರೆ ಅದು ನಿಮ್ಮ ಹಳೆಯ ಶೀಟಿನ ಹಾಗೆಯೇ ಬಿರಿಯುತ್ತದೆ. ಎರಡೂ ಕಪ್ಪು, ಎರಡೂ ನೋಡಲು ಒಂದೇ. ತಂದ ದಿನವೇ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಹೆಸರು ಬರೆದಿಡಿ. ಎರಡೂ ಕಡೆಗೆ ಸಾಧಾರಣವಾಗಿ ಒಗ್ಗುವುದು ನಿಯೋಪ್ರೀನ್. ಬಿಸಿಲಿಗೂ ತಕ್ಕಮಟ್ಟಿಗೆ ಸರಿ, ಎಣ್ಣೆಯ ಹನಿ ಬಿದ್ದರೂ ಸರಿ, ಬೆಂಕಿಯಿಂದ ಹೊರತೆಗೆದರೆ ತಾನೇ ಆರುತ್ತದೆ. ಜನರೇಟರಿನ ಶೆಡ್ಡಿಗೆ ಅದು ಒಪ್ಪುತ್ತದೆ.

ಪೈಪಿಗೆ ಸುಮ್ಮನೆ ಸುತ್ತಿ ಕಟ್ಟುವುದಕ್ಕೆ ಮಾತ್ರ ಹೊಸ ಶೀಟು ಬೇಕಿಲ್ಲ. ನಮ್ಮ ಹಿರಿಯರು ಹಳೆಯ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕಟ್ಟುತ್ತಿದ್ದರಲ್ಲ, ಅದು ಬರೀ ಉಳಿತಾಯದ ಬುದ್ಧಿಯಲ್ಲ. ಈಗಿನ ಟ್ಯೂಬುಗಳು ಬಹುಪಾಲು ಬ್ಯೂಟೈಲ್ ರಬ್ಬರಿನವು. ಗಾಳಿಯನ್ನು ಹಿಡಿದಿಡಲೆಂದು ಆರಿಸಿದ ರಬ್ಬರದು, ಓಜೋನಿಗೂ ಚೆನ್ನಾಗಿ ತಡೆಯುತ್ತದೆ.

ಹಟ್ಟಿಯ ಮ್ಯಾಟಿಗೆ ಬರೋಣ. ಇಲ್ಲಿ ಎಣ್ಣೆಯಿಲ್ಲ, ಬಿಸಿಲಿಲ್ಲ. ಇರುವುದು ಭಾರ, ಗೊರಸಿನ ಅಂಚು, ಗಂಜಲ. ನಾನೂರು ಕಿಲೋ ತೂಗುವ ದನ ಮಲಗಿದಲ್ಲಿಂದ ಏಳುವಾಗ ಹಿಂಗಾಲುಗಳನ್ನು ಮೊದಲು ಊರುತ್ತದೆ. ಆಗ ಗೊರಸಿನ ತುದಿ ಮ್ಯಾಟನ್ನು ಉಳಿಯಂತೆ ತಿವಿಯುತ್ತದೆ. ಹರಿಯದ ಗುಣವೇ ಇಲ್ಲಿ ಮುಖ್ಯ, ಹಾಗಾಗಿ ಮರದ ರಬ್ಬರಿಗೆ ಇದು ಹೇಳಿಮಾಡಿಸಿದ ಕೆಲಸ. ನೈಸರ್ಗಿಕ ರಬ್ಬರ್ ಹೆಚ್ಚಾಗಿರುವ, ಸ್ವಲ್ಪ ರಿಕ್ಲೇಮ್ ಬೆರೆತ, ಶೋರ್ ಎ ಅಳತೆಯಲ್ಲಿ 60ರಿಂದ 70 ಗಡಸುತನವಿರುವ, 15ರಿಂದ 20 ಮಿ.ಮೀ. ದಪ್ಪದ ಮ್ಯಾಟು ಸಾಕು. ಶೋರ್ ಎ ಎಂದರೆ ಗಡಸುತನದ ಅಳತೆ. ಕಾರಿನ ಟೈರಿನ ಮೇಲ್ಮೈ ಸುಮಾರು 65 ಇರುತ್ತದೆ, ಉಗುರಿನಿಂದ ಒತ್ತಿ ಅದಕ್ಕೆ ಹೋಲಿಸಿ ನೋಡಬಹುದು. ಅಡಿಭಾಗದಲ್ಲಿ ಗಂಜಲ ಹರಿದುಹೋಗಲು ತೋಡುಗಳಿರಬೇಕು. ಮ್ಯಾಟಿಗಿಂತ ಹೆಚ್ಚಾಗಿ ಅದರ ಕೆಳಗಿನ ನೆಲವನ್ನು ನೋಡಿ: ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಇಲ್ಲದಿದ್ದರೆ ಎಂತಹ ಮ್ಯಾಟು ಹಾಕಿದರೂ ಕೆಳಗೆ ಗಂಜಲ ಮಡುಗಟ್ಟಿ ನಾರುತ್ತದೆ, ದನದ ಕೆಚ್ಚಲಿಗೂ ಗೊರಸಿಗೂ ರೋಗ ತರುತ್ತದೆ. ವಾರಕ್ಕೊಮ್ಮೆಯಾದರೂ ಎತ್ತಿ ಕೆಳಗೆ ತೊಳೆಯಿರಿ. ನಿಮ್ಮ ಶೀಟಿಗೂ ಒಂದು ಮಾತು ಇಲ್ಲಿಯೇ ಹೇಳುತ್ತೇನೆ. ನೀವು ಮಾರುವ ಆರ್‌ಎಸ್‌ಎಸ್ ರಬ್ಬರ್ ಕಾರ್ಖಾನೆಯಲ್ಲಿ ಬೆಂದು ಬಂದರೆ ನಿಮ್ಮ ನಾಲ್ಕೂ ಕೆಲಸಗಳಲ್ಲಿ ಈ ಹಟ್ಟಿಗೆ ಮಾತ್ರ ಅದೇ ಅತ್ಯುತ್ತಮ.

ಮೊದಲೇ ಹೇಳಬೇಕಾಗಿದ್ದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಇದು ನಿಮ್ಮ ನೆನಪಿನಲ್ಲಿ ಉಳಿಯಲೇಬೇಕು. ಪಂಪ್ ಮನೆಯಲ್ಲಿ ಹಾಸಿದ ಆ ಕಪ್ಪು ತುಂಡನ್ನು ನಂಬಬೇಡಿ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಶಾಲೆಯಲ್ಲಿ ಕಲಿತದ್ದು ಶುದ್ಧ ರಬ್ಬರಿನ ಮಾತು. ಕಪ್ಪು ಶೀಟಿನ ಕಪ್ಪು ಬಣ್ಣ ಬಂದಿರುವುದು ಕಾರ್ಬನ್ನಿನಿಂದ, ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ. ಅದು ಹೆಚ್ಚು ಬೆರೆತ ಶೀಟಿನಲ್ಲಿ ಕಣಗಳು ಒಂದಕ್ಕೊಂದು ತಾಗಿ ದಾರಿ ಮಾಡಿಕೊಡುತ್ತವೆ. ರಿಕ್ಲೇಮಿನಲ್ಲಿ ಟೈರಿನ ತಂತಿಯ ಚೂರು ಉಳಿದಿದ್ದರೆ ಅಪಾಯ ಇನ್ನೂ ಹೆಚ್ಚು. ಒದ್ದೆ ನೆಲ, ಬರಿಗಾಲು, ಮಳೆಗಾಲದ ಸುಳ್ಯ. ಇದನ್ನು ಯೋಚಿಸಿದರೆ ನನಗೆ ಗಾಬರಿಯಾಗುತ್ತದೆ.

ವಿದ್ಯುತ್ ಮ್ಯಾಟಿಗೆ ಭಾರತೀಯ ಮಾನಕವೇ ಇದೆ: ಐಎಸ್ 15652, 2006ರದ್ದು. ಅದರಲ್ಲಿ ಎ ದರ್ಜೆಯ 2 ಮಿ.ಮೀ. ಮ್ಯಾಟು 3.3 ಕಿಲೋವೋಲ್ಟಿನವರೆಗೆ, ಬಿ ದರ್ಜೆಯ 2.5 ಮಿ.ಮೀ.ನದ್ದು 11 ಕಿಲೋವೋಲ್ಟಿನವರೆಗೆ, ಸಿ ದರ್ಜೆಯ 3 ಮಿ.ಮೀ.ನದ್ದು 33 ಕಿಲೋವೋಲ್ಟಿನವರೆಗೆ. ನಿಮ್ಮ ಮೂರು ಫೇಸಿನ ಸ್ಟಾರ್ಟರಿಗೆ ಎ ದರ್ಜೆ ಧಾರಾಳವಾಯಿತು. ಇಲ್ಲೂ ನೋಡಿ, ನಿಮ್ಮ 6 ಮಿ.ಮೀ. ದಪ್ಪದ ತುಂಡಿಗಿಂತ ಪರೀಕ್ಷೆಯಾದ 2 ಮಿ.ಮೀ. ಮ್ಯಾಟು ಎಷ್ಟೋ ಪಾಲು ಸುರಕ್ಷಿತ. ಐಎಸ್‌ಐ ಗುರುತು, ಮಾನಕದ ಸಂಖ್ಯೆ, ದರ್ಜೆ ಮ್ಯಾಟಿನ ಮೇಲೆಯೇ ಅಚ್ಚಾಗಿರಬೇಕು. ಬಿಲ್ಲಿನಲ್ಲಿ ಬರೆದುಕೊಟ್ಟರೆ ಸಾಲದು. ಮ್ಯಾಟಿಗೂ ಮೊದಲು ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಅಳತೆ ಮಾಡಿಸಿ, ಸೋರಿಕೆ ಕಂಡ ಕೂಡಲೇ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿ. ಮ್ಯಾಟು ಅದರ ಮೇಲಿನ ಎರಡನೆಯ ಕಾವಲು.

ಮಿಲ್ಲಿಗೆ ನೈಟ್ರೈಲ್ ತರುವ ಮುನ್ನ ಬೆರಳಿನಷ್ಟು ಮಾದರಿ ತುಂಡು ಕೇಳಿ ಪಡೆಯಿರಿ. ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಅಂಚು ಗೀಚಿಕೊಂಡು, ನಿಮ್ಮದೇ ಕೊಬ್ಬರಿ ಎಣ್ಣೆಯಲ್ಲಿ ಏಳು ದಿನ ಮುಳುಗಿಸಿಡಿ. ಎಂಟನೆಯ ದಿನ ಒರೆಸಿ ಅದೇ ಗೆರೆಯ ಮೇಲಿಡಿ. ಗೆರೆಯೊಳಗೇ ಕುಳಿತರೆ ಆರ್ಡರ್ ಕೊಡಿ. ಇದಕ್ಕೆ ಒಂದು ವಾರ ಕಾಯಬಹುದು, ಹಟ್ಟಿಯೂ ತಾರಸಿಯೂ ತಿಂಗಳುಗಟ್ಟಲೆ ಕಾಯುತ್ತವೆ. ಪಂಪ್ ಮನೆಯ ಮ್ಯಾಟು ಮಾತ್ರ ಮೊದಲ ಮಳೆಗೆ ಮುಂಚೆ ಬದಲಾಗಲಿ.